ಎರಡು ಊರಿಗೆ ಒಂದೇ ದಿನ ನೀರು

ರಾಯ್, ಹನ್ನೊಂದು ನಲವತ್ತೆರಡು

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ನನಗೆ ಆ ವಾಸನೆ ಬಂತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆರನೇ ಸಾಲು ಪೂರ್ತಿಯಾಯಿತೆಂದು ಪಟ್ಟಿಯಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಗಂಟೆ ಬರೆದು, ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಆ ಹಾಳೆ ಈಗಲೂ ನನ್ನ ಬಳಿ ಇದೆ. ಅಂಕಿಗಳು ಮುದ್ದಾಗಿವೆ. ಅದನ್ನು ಬರೆದ ಕೈಗೆ ಮುಂದಿನ ನಿಮಿಷದ ಸುಳಿವೇ ಇರಲಿಲ್ಲ.

ಮೈಸೂರಿನಲ್ಲಿ ನಮ್ಮ ಬೀದಿಯ ನೀರಿನ ಟ್ಯಾಂಕ್ ತೊಳೆದ ಮರುದಿನ ನಲ್ಲಿಯಲ್ಲಿ ಬರುವ ವಾಸನೆ ಅದು. ಒಂದು ಕ್ಷಣ ಹಿತವೇ ಅನ್ನಿಸಿತು. ಕುವೈತಿನ ರಾಯ್ ಎಂಬ ಕೈಗಾರಿಕಾ ಬಡಾವಣೆಯ ಗೋಡೌನಿನ ಬಾಗಿಲಲ್ಲಿ ನಿಂತು, ಊರಿನ ನಲ್ಲಿ ನೆನಪಾಗಿ ನಾನು ನಕ್ಕಿರಲೂಬಹುದು. ಆಮೇಲೆ ಕಣ್ಣು ಉರಿಯಿತು. ಆರನೇ ಸಾಲಿನ ಕೆಳಗಿನಿಂದ ಊದುಬತ್ತಿಯಷ್ಟೇ ತೆಳ್ಳಗೆ ಹೊಗೆಯೊಂದು ಮೇಲೇಳುತ್ತಿತ್ತು.

ನಾನು ಆ ಹೊಗೆಯನ್ನು ದಿನವೂ ನೋಡುತ್ತೇನೆ. ಆದರೆ ಅಲ್ಲಿಗೆ ಹೇಗೆ ಬಂದೆವೆಂದು ಹೇಳದೆ ಮುಂದಕ್ಕೆ ಹೋದರೆ ಓದುವವರಿಗೆ ನ್ಯಾಯವಾಗುವುದಿಲ್ಲ, ಆ ಗೋಡೌನು ನೋಡಿಕೊಳ್ಳುತ್ತಿದ್ದ ವಿಕ್ಟರ್ ಅವರಿಗಂತೂ ಆಗುವುದೇ ಇಲ್ಲ.

ಹೋಟೆಲಿನಲ್ಲಿ ಒಂದು ಖಂಡ

ಆರು ದಿನ ಮೊದಲು ಕುವೈತಿಗೆ ಬಂದಿದ್ದೆ. ನಾನು ಮೈಸೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಹಳ್ಳಿಗಳ ಕುಡಿಯುವ ನೀರಿನ ಕೆಲಸ ನೋಡಿಕೊಳ್ಳುವವಳು. ಓದಿದ್ದು ಸಮಾಜಶಾಸ್ತ್ರ. ಸಭೆಯ ಟಿಪ್ಪಣಿ ಚೆನ್ನಾಗಿ ಬರೆಯುತ್ತೇನೆಂಬ ಹೆಸರಿದ್ದುದರಿಂದ ಕರೆಸಿಕೊಂಡಿದ್ದರು. ಹೋಟೆಲಿನ ಸಭಾಂಗಣದಲ್ಲಿ ಕಟ್ಟಿದ್ದ ಬ್ಯಾನರಿನ ಮೇಲೆ ‘ಆಫ್ರಿಕಾ ಖಂಡದ ಶಾಂತಿ ಮತ್ತು ಅಭಿವೃದ್ಧಿಗಾಗಿ ಅಂತರರಾಷ್ಟ್ರೀಯ ನೆರವಿನ ಸಮನ್ವಯ’ ಎಂಬ ಅರ್ಥದ ಇಂಗ್ಲಿಷ್ ಸಾಲು ಎಷ್ಟು ಉದ್ದವಿತ್ತೆಂದರೆ, ಅದು ಗೋಡೆ ಸಾಲದೆ ಕಂಬವನ್ನು ಸುತ್ತಿಕೊಂಡು ಹೋಗಿತ್ತು. ನಾನು ಕುಳಿತಲ್ಲಿಂದ ಕಾಣುತ್ತಿದ್ದುದು ‘ಶಾಂತಿ ಮತ್ತು’ ಎಂಬಲ್ಲಿಯವರೆಗೆ ಮಾತ್ರ.

ಪಕ್ಕದ ಕುರ್ಚಿಯಲ್ಲಿ ರೆಹೆಮಾ ಕುಳಿತಿದ್ದಳು. ಕೀನ್ಯಾದ ಉತ್ತರದ ಒಣನಾಡಿನವಳು, ಅಲ್ಲಿನ ಎರಡು ಊರುಗಳ ಶಾಂತಿ ಸಮಿತಿಯ ಕಾರ್ಯದರ್ಶಿ. ನನ್ನಷ್ಟೇ ವಯಸ್ಸು, ನನಗಿಂತ ಒಂದು ಗೇಣು ಎತ್ತರ. ಮೊದಲ ದಿನ ಚಹಾದ ಹೊತ್ತಿಗೆ ಎದ್ದುನಿಂತು, ಬ್ಯಾನರನ್ನೊಮ್ಮೆ ನೋಡಿ, ಗಂಭೀರವಾಗಿ ಹೇಳಿದಳು: "ಇಡೀ ಖಂಡ ಈಗ ಟೀ ಕುಡಿಯಲು ಹೋಗುತ್ತಿದೆ. ಬರ್ತೀಯಾ?"

ನನ್ನನ್ನು ‘ದಾದಾ’ ಎಂದು ಕರೆದಳು. ಅವಳ ಭಾಷೆಯಲ್ಲಿ ಅಕ್ಕ ಅಂತ. ನಮ್ಮಲ್ಲಿ ದಾದಾ ಎಂದರೆ ಯಾರೆಂದು ವಿವರಿಸಿದೆ. ಅಂದಿನಿಂದ ಬೇಕಂತಲೇ ಜೋರಾಗಿ ಕರೆಯತೊಡಗಿದಳು.

ಸಭೆಯ ಅಧ್ಯಕ್ಷರು ಅಬು ಸಾಲೆಮ್ ಎಂಬ ಹಿರಿಯರು, ನಿವೃತ್ತ ಎಂಜಿನಿಯರು. ನಮ್ಮಲ್ಲಿಯಂತೆಯೇ ಅಲ್ಲೂ ಸಭೆ ತಡವಾಗಿ ಶುರುವಾಗುತ್ತದೆ. ಆದರೆ ತಡವಾದುದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಮೊದಲ ಅರ್ಧ ಗಂಟೆ ಎಲ್ಲರೂ ಎಲ್ಲರ ಮನೆಯವರ ಆರೋಗ್ಯ ವಿಚಾರಿಸುತ್ತಾರೆ. "ತಾಯಿಯವರು ಹೇಗಿದ್ದಾರೆ?" ಎಂದು ಅವರು ಕೇಳಿದಾಗ, ಅದು ಬರಿಯ ಉಪಚಾರವೆಂದು ತಿಳಿಯದ ನಾನು ಅಮ್ಮನ ಎಡ ಮೊಣಕಾಲಿನ ನೋವು, ಆಯುರ್ವೇದದ ಎಣ್ಣೆ, ಮೆಟ್ಟಿಲು ಹತ್ತುವ ಕಷ್ಟ ಎಲ್ಲವನ್ನೂ ಹೇಳಿಬಿಟ್ಟೆ. ಇಪ್ಪತ್ತು ಜನ ಶಾಂತವಾಗಿ ಕೇಳಿಸಿಕೊಂಡರು. ನಾಚಿಕೆಯಿಂದ ಕುಗ್ಗಿಹೋದೆ. ಮರುದಿನ ಬೆಳಿಗ್ಗೆ ಅವರು ನನ್ನ ಮುಂದೆ ನಿಂತು ಕೇಳಿದ್ದು: "ಎಡ ಮೊಣಕಾಲು?"

ಸಭೆಯ ಸಮಸ್ಯೆ ಸರಳವಾಗಿತ್ತು. ನೆರವು ಕೊಡುವವರು ಮೂವರು. ಏಷ್ಯಾದ ಒಂದು ಸಂಸ್ಥೆ ನೀರೆತ್ತುವ ಡೀಸೆಲ್ ಪಂಪುಗಳನ್ನೂ ಅವಕ್ಕೆ ಬೇಕಾದ ಎಂಜಿನ್ ಆಯಿಲನ್ನೂ ಕೊಡುತ್ತಿತ್ತು. ಯುರೋಪಿನ ಒಂದು ಸಂಸ್ಥೆ ಪೈಪುಗಳನ್ನೂ ನೀರು ಶುದ್ಧ ಮಾಡುವ ಕ್ಲೋರಿನ್ ಪೌಡರನ್ನೂ ಕೊಡುತ್ತಿತ್ತು. ಗೋಡೌನು, ಹಡಗು ಕುವೈತಿನವರದು. ಮೂವರೂ ತಮ್ಮ ತಮ್ಮ ಸಾಮಾನನ್ನು ಬೇರೆ ಬೇರೆ ಇಟ್ಟು ಬೇರೆ ಬೇರೆ ಕಳುಹಿಸುತ್ತಿದ್ದುದರಿಂದ ಹಿಂದಿನ ವರ್ಷ ಒಂದು ಊರಿಗೆ ಪೈಪಿಲ್ಲದ ಪಂಪು, ಇನ್ನೊಂದಕ್ಕೆ ಪಂಪಿಲ್ಲದ ಪೈಪು ಹೋಗಿತ್ತು.

ರೆಹೆಮಾ ಎದ್ದುನಿಂತು ಇದರಲ್ಲಿ ತನಗೇನು ನಷ್ಟ ಎಂದು ಹೇಳಿದಳು. ಒಣಗಿದ ಹೊಳೆಯ ಆಚೆಗೊಂದು ಊರು, ಈಚೆಗೊಂದು ಊರು. ಮೇಯಿಸಲು, ಕುಡಿಯಲು ಒಂದೇ ನೆಲ, ಒಂದೇ ನೀರು. ತಲೆಮಾರುಗಳ ಜಗಳ. ಕಷ್ಟಪಟ್ಟು ಒಪ್ಪಂದ ಮಾಡಿಸಿದ್ದರು: ಏನು ಬಂದರೂ ಎರಡು ಊರಿಗೂ ಒಂದೇ ದಿನ ಬರಬೇಕು. ಹಿಂದೊಮ್ಮೆ ಶಾಲೆಯ ಛಾವಣಿಯ ತಗಡು ಒಂದು ಊರಿಗೆ ಹನ್ನೊಂದು ದಿನ ಮೊದಲು ತಲುಪಿತು.

"ಆ ಹನ್ನೊಂದು ದಿನದಲ್ಲಿ ನನ್ನ ತಮ್ಮ ಸತ್ತ," ಎಂದಳು. "ತಗಡು ಆಮೇಲೆ ಬಂತು. ಒಳ್ಳೆಯ ತಗಡು." ಕುಳಿತುಕೊಂಡಳು.

ಆಗಲೇ ನಾನು ಕೈ ಎತ್ತಿದ್ದು. ಟಿಪ್ಪಣಿ ಬರೆಯುವವಳು ಮಾತಾಡುವ ರೂಢಿಯಿಲ್ಲ. ಆದರೂ ಹೇಳಿದೆ: ಗೋಡೌನಿನಲ್ಲಿ ಕೊಟ್ಟವರ ಪ್ರಕಾರ ಜೋಡಿಸುವುದನ್ನು ಬಿಟ್ಟು, ಪಡೆಯುವವರ ಪ್ರಕಾರ ಜೋಡಿಸೋಣ. ಒಂದು ಊರು, ಒಂದು ಸಾಲು. ಪಂಪು, ಪೈಪು, ಆಯಿಲು, ಪೌಡರು ಎಲ್ಲ ಒಟ್ಟಿಗೆ. ಒಂಬತ್ತು ಊರಿಗೆ ಒಂಬತ್ತು ಸಾಲು. ರೆಹೆಮಾಳ ಊರುಗಳು ಆರು ಮತ್ತು ಏಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಬು ಸಾಲೆಮ್ "ಖಲಾಸ್!" ಎಂದರು, ಮುಗಿಯಿತು ಎಂದು. ಆ ಸಂಜೆ ನಾನು ಅಮ್ಮನಿಗೆ ಫೋನು ಮಾಡಿ ಖಂಡವೊಂದಕ್ಕೆ ಸಹಾಯ ಮಾಡಿದೆನೆಂದು ಹೇಳಿದೆ. ಅಮ್ಮ, "ಊಟ ಮಾಡಿದ್ಯಾ?" ಅಂದಳು.

ವಿಕ್ಟರ್ ಅವರು ಒಂದು ಸಲ ಹೇಳಿದ್ದು

ರಾಯ್ ಎಂದರೆ ನಮ್ಮ ಊರುಗಳ ಕೈಗಾರಿಕಾ ಬಡಾವಣೆಯ ದೊಡ್ಡಣ್ಣ. ಮುಂದಿನ ರಸ್ತೆಯಲ್ಲಿ ಗಾಜಿನ ಶೋರೂಮುಗಳು, ಹಿಂದಿನ ರಸ್ತೆಯಲ್ಲಿ ಅದೇ ಸಾಮಾನನ್ನು ಬಿಚ್ಚಿ ಹರಡಿದ ವರ್ಕ್‌ಶಾಪುಗಳು. ಗೋಡೌನಿಗೆ ಮೊದಲ ಸಲ ಹೋದಾಗ ಸ್ಟೋರ್‌ಕೀಪರು ನನ್ನ ಬ್ಯಾಡ್ಜ್ ಓದಿ, ಕನ್ನಡಕ ಹಣೆಗೇರಿಸಿ ಕೇಳಿದರು:

"ಮೈಸೂರಾ? ಕನ್ನಡ ಬರ್ತದಾ?"

"ಬರ್ದೇ ಏನ್ರೀ!" ಅಂದೆ.

"ಅಯ್ಯೋ ಮಾರಾಯ್ರೆ, ಮತ್ತೆ ಇಷ್ಟೊತ್ತು ಇಂಗ್ಲಿಷಲ್ಲಿ ನನ್ನ ಜೀವ ತೆಗೆದದ್ದೆಂತಕ್ಕೆ?"

ಅವರು ಮಂಗಳೂರು ಕಡೆಯ ವಿಕ್ಟರ್. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ನನ್ನೊಡನೆ ಕನ್ನಡ, ಫೋರ್ಕ್‌ಲಿಫ್ಟ್ ನಡೆಸುವವನೊಡನೆ ಹಿಂದಿ, ಫೋನಿನಲ್ಲಿ ಅರಬ್ಬಿ. ಇಪ್ಪತ್ತೆರಡು ವರ್ಷದಿಂದ ಕುವೈತಿನಲ್ಲಿದ್ದವರು. ಗೋಡೌನಿನ ಪ್ರತಿ ಮೂಲೆಯೂ ಅವರಿಗೆ ಸ್ವಂತ ಅಡುಗೆಮನೆಯ ಡಬ್ಬಗಳಷ್ಟು ಪರಿಚಿತ.

ನಾನು ಪಟ್ಟಿ ತೋರಿಸಿ ‘ಒಂದು ಊರು, ಒಂದು ಸಾಲು’ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಮೇಡಂ, ಪೌಡರನ್ನು ನಾವು ಬೇರೆಯೇ ಇಡುವುದು. ಹಿಂದೆ ಆ ಸಣ್ಣ ಶೆಡ್ ಉಂಟಲ್ಲ, ಅದರಲ್ಲಿ," ಎಂದರು.

"ಯಾಕೆ?"

"ಮೊದಲಿಂದಲೂ ಹಾಗೆ. ಅದು ಎಣ್ಣೆ ಹತ್ತಿರ ಒಳ್ಳೆದಲ್ಲ ಅಂತ ಹೇಳ್ತಾರೆ."

ನಾನು ನಕ್ಕು, "ಬೇರೆ ಬೇರೆ ಇಟ್ಟಿದ್ರಿಂದ್ಲೇ ಅಲ್ವಾ ಇಷ್ಟೆಲ್ಲ ತೊಂದ್ರೆ ಆಗಿದ್ದು?" ಎಂದೆ.

"ಆಯ್ತು ಮೇಡಂ," ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಪರದೇಶದಲ್ಲಿ ಕೆಲಸ ಮಾಡುವವರ ಒಂದು ಪದ್ಧತಿ ನನಗೆ ಆಗ ತಿಳಿದಿರಲಿಲ್ಲ. ಕೊರಳಲ್ಲಿ ಬ್ಯಾಡ್ಜ್ ಹಾಕಿಕೊಂಡವರಿಗೆ ಒಂದು ಸಲ ಹೇಳುವುದು. ಕೇಳದಿದ್ದರೆ ಸುಮ್ಮನಿರುವುದು. ಎರಡನೆಯ ಸಲ ಹೇಳಿದರೆ ಅದು ವಾದವಾಗುತ್ತದೆ. ವಾದ ಮಾಡಿದವರ ಇಕಾಮಾದ, ಅಂದರೆ ಆ ದೇಶದಲ್ಲಿರುವ ಪರವಾನಗಿಯ, ನವೀಕರಣದ ಹೊತ್ತಿಗೆ ಯಾರಿಗೋ ಅದು ನೆನಪಾಗುತ್ತದೆ. ನಮ್ಮಲ್ಲಿ ಒಂದು ವಿಷಯವನ್ನು ನಾಲ್ಕು ಸಲ ಹೇಳಿದ ಮೇಲೆಯೇ ಅದು ಹೇಳಿದ ಲೆಕ್ಕ. ಹಾಗಾಗಿ ಒಂದೇ ಸಲ ಹೇಳಿದ್ದು ನನಗೆ ಎಚ್ಚರಿಕೆಯಂತೆ ಕೇಳಲೇ ಇಲ್ಲ. ಹಳಬರ ಅಭ್ಯಾಸಬಲ ಎಂದುಕೊಂಡೆ.

ಏಳು ಬೆರಳು

ಮತ್ತೆ ಹನ್ನೊಂದು ನಲವತ್ತೆರಡಕ್ಕೆ ಬರುತ್ತೇನೆ.

ಕೆಲಸದವರೆಲ್ಲ ನಮಾಜಿಗೆ, ಊಟಕ್ಕೆ ಹೊರಗೆ ಹೋಗಿದ್ದರು. ಅದೇ ದೊಡ್ಡ ಪುಣ್ಯ. ರೆಹೆಮಾ ಮಾತ್ರ ಒಳಗಿದ್ದಳು. ತನ್ನ ಎರಡು ಊರಿನ ಪೆಟ್ಟಿಗೆಗಳಿಗೆ ತಾನೇ ಚೀಟಿ ಅಂಟಿಸಬೇಕೆಂದು ಹಟ ಹಿಡಿದಿದ್ದಳು. ಆರನೇ ಸಾಲಿಗೆ ನೀಲಿ, ಏಳಕ್ಕೆ ಹಳದಿ. ಆರಕ್ಕೆ ಒಂದು ಅಂಟಿಸಿ, ಏಳಕ್ಕೆ ಒಂದು ಅಂಟಿಸಿ, ಮತ್ತೆ ಆರಕ್ಕೆ ಬರುತ್ತಿದ್ದಳು. ಯಾರೂ ನೋಡದ ಗೋಡೌನಿನಲ್ಲೂ ಒಂದು ಊರನ್ನು ಮೊದಲು ಮುಗಿಸುವ ಧೈರ್ಯ ಅವಳಿಗಿರಲಿಲ್ಲ.

ಮೇಲಿನ ಹಲಗೆಯಲ್ಲಿದ್ದ ಆಯಿಲಿನ ಒಂದು ಡಬ್ಬ ಸೋರುತ್ತಿತ್ತಂತೆ. ಕೆಳಗಿದ್ದ ಪೌಡರಿನ ಡ್ರಮ್ಮಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬೆಳಿಗ್ಗೆ ಯಾರೋ ಪೌಡರಿನ ಫೋಟೊ ತೆಗೆಯಲು ತೆರೆಸಿದ್ದರು. ಎಣ್ಣೆ ತಾಗಿದರೆ ಆ ಪೌಡರು ತಾನಾಗಿಯೇ ಹೊತ್ತಿಕೊಳ್ಳುತ್ತದಂತೆ. ಇದೆಲ್ಲ ಆಮೇಲೆ ಅಗ್ನಿಶಾಮಕದವರು ಹೇಳಿದ್ದು. ಆಗ ನನಗೆ ಕಂಡದ್ದು ಊದುಬತ್ತಿಯ ಹೊಗೆ, ಆಮೇಲೆ ಹಳದಿ ಬಣ್ಣದ ದಪ್ಪ ಹೊಗೆ, ಆಮೇಲೆ ಡ್ರಮ್ಮಿನ ಬಾಯಿಂದ ಬುಸ್ಸೆಂದು ಎದ್ದ ಬೆಂಕಿ. ಎಣಿಸಿದರೆ ಹತ್ತು ಸೆಕೆಂಡೂ ಇರಲಾರದು.

ವಿಕ್ಟರ್ ಕಚೇರಿಯ ಕೋಣೆಯಿಂದ ಊಟದ ಕೈಯಲ್ಲೇ ಓಡಿಬಂದರು. "ಆ ಹುಡುಗಿ ಎಲ್ಲಿ? ಯಾವ ಸಾಲು?"

ನನಗೆ ಗೊತ್ತಿತ್ತು. ಆ ಗೋಡೌನಿನಲ್ಲಿ ಯಾವುದು ಎಲ್ಲಿದೆಯೆಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ‘ಏಳು’ ಎನ್ನಬೇಕಿತ್ತು, ಅಷ್ಟೇ. ಗಂಟಲಿಂದ ಗಾಳಿಯೂ ಬರಲಿಲ್ಲ.

"ಮೇಡಂ! ಯಾವ ಸಾಲು!"

ಪಟ್ಟಿಯನ್ನು ಗಲ್ಲದ ಕೆಳಗೆ ಒತ್ತಿಹಿಡಿದು ಏಳು ಬೆರಳು ತೋರಿಸಿದೆ. ಪುಟ್ಟ ಮಗುವಿನ ಹಾಗೆ. ಬಲಗೈಯ ಐದು, ಎಡಗೈಯ ಎರಡು. ಅವರು ಕೈ ತೊಳೆಯುವ ಬಕೆಟ್ಟಿನಲ್ಲಿ ಟವೆಲ್ ಅದ್ದಿ, ಮುಖಕ್ಕೆ ಸುತ್ತಿಕೊಂಡು ಒಳಗೆ ಹೋದರು.

ನಾನು ಹೊರಗೆ ಓಡಿದೆ. ಓಡಿದೆ ಎಂದೇ ಬರೆಯಬೇಕು.

ರಸ್ತೆಯಾಚೆ ಟೈರ್ ಅಂಗಡಿಯವರು ನೀರಿನ ಬಾಟಲಿ ಕೈಗಿಟ್ಟು, "ಬೈಠೋ ಸಿಸ್ಟರ್, ಬೈಠೋ," ಎನ್ನುತ್ತಿದ್ದರು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಆ ಬಾಗಿಲಿಂದ ಯಾರೂ ಬರಲಿಲ್ಲ. ಅವರಿಬ್ಬರೂ ಬಂದದ್ದು ಕಟ್ಟಡದ ಪಕ್ಕದ ಓಣಿಯಿಂದ. ಹಿಂಬಾಗಿಲಿಗೆ ಎಂದೂ ಬೀಗ ಹಾಕದ ವಿಕ್ಟರ್ ಮುಂದೆ, ಅವರ ಅಂಗಿಯ ತುದಿ ಹಿಡಿದು ಬರಿಗಾಲಿನ ರೆಹೆಮಾ ಹಿಂದೆ. ಅವಳ ಇನ್ನೊಂದು ಕೈಯಲ್ಲಿ ಹಳದಿ ಚೀಟಿಗಳ ಸುರುಳಿ ಹಾಗೇ ಇತ್ತು. ವಿಕ್ಟರ್ ಫುಟ್‌ಪಾತಿನ ಮೇಲೆ ಕುಳಿತು ಕೆಮ್ಮತೊಡಗಿದರು. ಆ ಕೆಮ್ಮು ನಿಲ್ಲಲೇ ಇಲ್ಲ, ಆಂಬುಲೆನ್ಸಿನ ಬಾಗಿಲು ಮುಚ್ಚುವವರೆಗೆ ಕೇಳುತ್ತಿತ್ತು.

ಆರನೇ ಸಾಲು ಹೋಯಿತು. ಏಳನೆಯದಕ್ಕೆ ಮಸಿ ಹತ್ತಿತ್ತು, ಅಷ್ಟೇ.

ಫಹಾಹೀಲ್

ಎರಡನೆಯ ದಿನ ವಿಕ್ಟರ್ ಆಸ್ಪತ್ರೆಯಿಂದ ಮನೆಗೆ ಬಂದರು. ಅವರ ಹೆಂಡತಿ ಜೂಲಿಯೆಟ್ ಹೋಟೆಲಿಗೇ ಬಂದು ನನ್ನನ್ನೂ ರೆಹೆಮಾಳನ್ನೂ ಕಾರಿಗೆ ಹತ್ತಿಸಿಕೊಂಡರು. "ಹೋಟೆಲಲ್ಲಿ ಒಬ್ಬೊಬ್ರೇ ಕೂತ್ಕೊಂಡು ಎಂತ ಮಾಡ್ತೀರಿ? ಗೋಡೆ ನೋಡ್ತೀರಾ?" ನಾನು ಎರಡು ದಿನದಿಂದ ಮಾಡುತ್ತಿದ್ದುದು ಅದನ್ನೇ.

ಅವರ ಮನೆ ದಕ್ಷಿಣದ ಫಹಾಹೀಲಿನಲ್ಲಿ. ಒಂದು ಕಡೆ ಸಮುದ್ರ, ಒಂದು ಕಡೆ ಎಣ್ಣೆಯ ಸ್ಥಾವರಗಳು. ಕಾರಿನಿಂದ ಇಳಿದೊಡನೆ ದೂರದ ಚಿಮಣಿಯ ತುದಿಯಲ್ಲಿ ಬೆಂಕಿ ಕಂಡು ನಾನು ಜೂಲಿಯೆಟ್ ಅವರ ತೋಳು ಹಿಡಿದುಬಿಟ್ಟೆ.

"ಅದಾ? ಅದು ದಿನಾ ಇರುವುದು," ಎಂದರು. "ಅದು ಇಲ್ಲದಿದ್ರೆ ನಮಗೆ ಹೆದರಿಕೆ. ಇಡೀ ಊರಿನ ಸಂಬಳ ಅದರಲ್ಲುಂಟು."

ಮನೆಯಲ್ಲಿ ನನಗೆಂದು ಬೇಳೆ ಸಾರು, ಬೆಂಡೆಕಾಯಿ ಪಲ್ಯ. ಅವರಿಗೂ ರೆಹೆಮಾಳಿಗೂ ಮೀನು. ಜೊತೆಗೆ ಹಬೆಯಾಡುವ, ಇಡ್ಲಿಯಂಥದೇ ಒಂದು ತಿಂಡಿ, ಆದರೆ ಇನ್ನೂ ಮೃದು, ಸ್ವಲ್ಪ ಸಿಹಿ, ಸ್ವಲ್ಪ ಹುಳಿ. ರೆಹೆಮಾ ಎರಡು ತಿಂದಳು, ನಾಲ್ಕು ತಿಂದಳು, ಬಲವಂತ ಮಾಡಿದ್ದಕ್ಕೆ ಆರು ತಿಂದಳು. ಎರಡು ಊರಿನವಳಿಗೆ ಐದಕ್ಕೆ ನಿಲ್ಲಿಸುವ ಅಭ್ಯಾಸವೇ ಇಲ್ಲವೆಂದಳು. ಕಾಲಿಗೆ ಆ ಮನೆಯ ಮಗಳ ಗುಲಾಬಿ ಬಣ್ಣದ ಚಪ್ಪಲಿ ಹಾಕಿಕೊಂಡಿದ್ದಳು. ಹಿಮ್ಮಡಿ ಅರ್ಧ ಹೊರಗೆ.

ವಿಕ್ಟರ್ ದಿಂಬಿಗೊರಗಿ ಕುಳಿತಿದ್ದರು. ಎರಡು ಮಾತಿಗೊಂದು ಕೆಮ್ಮು. ಒಂಬತ್ತನೇ ತರಗತಿಯ ಮಗಳಿಗೆ, "ಆಂಟಿಗೆ ನೀರು ಕೊಡು ಮಗಾ," ಎಂದರೆ ಅವಳು ಕನ್ನಡ ಅರ್ಥಮಾಡಿಕೊಂಡು, "ಡ್ಯಾಡ್, ಸ್ಟಾಪ್ ಟಾಕಿಂಗ್," ಎಂದು ಇಂಗ್ಲಿಷಿನಲ್ಲಿ ಗದರಿಸಿ ನೀರು ತಂದುಕೊಟ್ಟಳು.

"ವಿಕ್ಟರ್ ಅವ್ರೇ," ಎಂದೆ. "ನೀವು ಹೇಳಿದ್ರಿ. ನಾನು ಕೇಳ್ಲಿಲ್ಲ."

"ಬಿಡಿ ಮೇಡಂ. ನಾನು ಸಹ ಇನ್ನೊಂದು ಸಲ ಹೇಳ್ಬೇಕಿತ್ತು."

"ನಾನು ‘ಏಳು’ ಅಂತ ಕೂಡ ಹೇಳ್ಲಿಲ್ಲ."

"ಬೆರಳು ತೋರ್ಸಿದ್ರಲ್ಲ! ಇಪ್ಪತ್ತೆರಡು ವರ್ಷದಲ್ಲಿ ಆಫೀಸಿನವರು ಯಾರೂ ಇಷ್ಟು ಸ್ಪಷ್ಟ ಇನ್‌ಸ್ಟ್ರಕ್ಷನ್ ಕೊಡ್ಲಿಲ್ಲ ನಂಗೆ." ನಗಲು ಹೋಗಿ ಕೆಮ್ಮಿದರು. ಜೂಲಿಯೆಟ್ ನನ್ನನ್ನು ನೋಡಲಿಲ್ಲ. ಗಂಡನ ಬೆನ್ನು ನೀವುತ್ತ ಕಿಟಕಿಯ ಕಡೆ ನೋಡುತ್ತಿದ್ದರು.

ಊಟವಾದ ಮೇಲೆ ನನ್ನ ಫೋನಿಗೆ ಎರಡು ಪತ್ರ ಬಂದವು. ಮೊದಲನೆಯದರಲ್ಲಿ ಪಂಪು ಕೊಟ್ಟವರು ಪೌಡರಿನವರನ್ನು ದೂರಿದ್ದರು, ಪೌಡರಿನವರು ಆಯಿಲಿನ ಡಬ್ಬವನ್ನು ದೂರಿದ್ದರು. ಇನ್ನು ಮುಂದೆ ತಮ್ಮ ತಮ್ಮ ಸಾಮಾನನ್ನು ತಾವೇ ಬೇರೆಯಾಗಿ ಕಳುಹಿಸುವುದಾಗಿ ಇಬ್ಬರೂ ಹೇಳಿದ್ದರು. ಏಳನೇ ಸಾಲಿನ ಪಂಪು ಮುಂದಿನ ಹಡಗಿನಲ್ಲಿ, ಆರನೆಯದು ಹೊಸದು ಬಂದಾಗ. ರೆಹೆಮಾ ಅದನ್ನು ಎರಡು ಸಲ ಓದಿದಳು. "ಒಂದು ಈಗ, ಒಂದು ಆಮೇಲೆ," ಎಂದಳು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಎರಡನೆಯದು ನನಗೊಬ್ಬಳಿಗೆ. ಘಟನೆಯ ವರದಿಯನ್ನು ನಾನೇ ಬರೆಯಬೇಕು. ಅನುಕೂಲಕ್ಕೆಂದು ಯಾರೋ ಮೊದಲ ಸಾಲನ್ನು ಆಗಲೇ ಬರೆದು ಕಳುಹಿಸಿದ್ದರು: ‘ಸ್ಟೋರ್‌ಕೀಪರನ ಅಜಾಗರೂಕತೆಯಿಂದ...’

ನಾನು ಅದನ್ನು ಓದುವಾಗ ಸ್ಟೋರ್‌ಕೀಪರು ನನಗೆಂದು ಕಿತ್ತಳೆಹಣ್ಣು ಸುಲಿಯುತ್ತಿದ್ದರು.

ಅಬು ಸಾಲೆಮ್ ಅವರ ದಿವಾನಿಯಾ

ಮುಂದಿನ ಸಭೆಯನ್ನು ಅಬು ಸಾಲೆಮ್ ಹೋಟೆಲಿನಿಂದ ತಮ್ಮ ಮನೆಯ ದಿವಾನಿಯಾಕ್ಕೆ ಬದಲಿಸಿದರು. ದಿವಾನಿಯಾ ಎಂದರೆ ಮನೆಗೆ ಅಂಟಿಕೊಂಡೇ ಇರುವ, ಬಂದವರು ಕುಳಿತು ಮಾತಾಡುವ ದೊಡ್ಡ ಕೋಣೆ. ಸಾಮಾನ್ಯವಾಗಿ ಗಂಡಸರದು. ನಮ್ಮ ಜಗಲಿ ಕಟ್ಟೆಗೆ ಸೋಫಾ, ಏರ್ ಕಂಡೀಷನ್ನು ಹಾಕಿದರೆ ಹೇಗೋ ಹಾಗೆ. ನಾಲ್ಕು ಗೋಡೆಗೂ ಒರಗಿಸಿದ ಆಸನಗಳು, ಮಧ್ಯೆ ಖಾಲಿ. ಆದ್ದರಿಂದ ಯಾರೂ ಯಾರ ಬೆನ್ನ ಹಿಂದೆಯೂ ಅಡಗುವಂತಿಲ್ಲ. ಮೇಜಿಲ್ಲ, ಬ್ಯಾನರಿಲ್ಲ. ನನ್ನಂಥವಳಿಗೆ ಟಿಪ್ಪಣಿ ಇಡಲು ಜಾಗವೂ ಇಲ್ಲ.

ಅಬು ಸಾಲೆಮ್ ನನ್ನೆದುರು ನಿಂತು ಮೊದಲು ಕೇಳಿದ್ದು: "ಎಡ ಮೊಣಕಾಲು?"

"ಸ್ವಲ್ಪ ವಾಸಿ," ಎಂದೆ. ಅಷ್ಟಕ್ಕೇ ಕಣ್ಣು ತುಂಬಿತು.

ಏಲಕ್ಕಿಯ ಅರಬ್ಬಿ ಕಾಫಿ ಬಂತು. ಕುಡಿದ ಬಟ್ಟಲಿಗೆ ಮತ್ತೆ ಸುರಿದರು. ಅದನ್ನೂ ಕುಡಿದೆ, ಮತ್ತೆ ಸುರಿದರು. ಹಾಸನದ ಅಜ್ಜಿಯ ಮೊಮ್ಮಗಳಾದ ನಾನು ಕಾಫಿಯನ್ನು ಬಟ್ಟಲಲ್ಲಿ ಬಿಡುವವಳಲ್ಲ. ಐದನೆಯದಕ್ಕೆ ಪಕ್ಕದಲ್ಲಿದ್ದ ವಿಕ್ಟರ್, "ಬಟ್ಟಲು ಅಲ್ಲಾಡ್ಸಿ ಮೇಡಂ. ಅಲ್ಲಾಡಿಸುವವರೆಗೆ ಅವರು ಬಿಡುವುದಿಲ್ಲ," ಎಂದು ಪಿಸುಗುಟ್ಟಿದರು. ಅಲ್ಲಾಡಿಸಿದೆ, ಆಗ ಬಟ್ಟಲನ್ನು ತೆಗೆದುಕೊಂಡು ಹೋದರು.

ಪಂಪಿನವರು ಮಾತಾಡಿದರು. ಪೌಡರಿನವರು ಮಾತಾಡಿದರು. ಇಬ್ಬರ ಮಾತೂ ಕೊನೆಗೆ ಕೋಣೆಯ ತುದಿಯಲ್ಲಿ ಕೆಮ್ಮು ತಡೆದು ಕುಳಿತಿದ್ದ ವಿಕ್ಟರ್ ಅವರ ಮೇಲೆಯೇ ಬಂದು ನಿಂತಿತು. ಡ್ರಮ್ಮುಗಳನ್ನು ಅಲ್ಲಿಟ್ಟವರು ಯಾರು? ವಿಕ್ಟರ್ ತಲೆ ತಗ್ಗಿಸಿದ್ದರು. ಒಂದು ಸಲ ಹೇಳಿಯಾಗಿತ್ತಲ್ಲ, ಎರಡನೆಯ ಸಲ ಹೇಳಲಿಲ್ಲ.

"ನಾನು," ಎಂದೆ.

ಈ ಸಲ ಗಂಟಲಿಂದ ಧ್ವನಿ ಬಂತು. ತುಂಬ ಜೋರಾಗಿಯೇ ಬಂತು. "ಪಟ್ಟಿ ನನ್ನದು. ಪೌಡರನ್ನೂ ಆಯಿಲನ್ನೂ ಒಂದೇ ಸಾಲಿಗೆ ಹಾಕಿದವಳು ನಾನು. ಇವರು ಬೇಡವೆಂದು ಹೇಳಿದ್ದರು. ನಾನು ನಕ್ಕೆ. ವರದಿಯಲ್ಲಿ ಹಾಗೆಯೇ ಬರೆದಿದ್ದೇನೆ. ಬೇರೆ ಥರ ಬರೆಯಲು ನನಗಾಗುವುದಿಲ್ಲ."

ಮಡಚಿದ ಹಾಳೆಯನ್ನು ಎದ್ದು ಹೋಗಿ ಅಬು ಸಾಲೆಮ್ ಕೈಗೆ ಕೊಟ್ಟೆ. ಆ ಖಾಲಿ ಮಧ್ಯಭಾಗವನ್ನು ದಾಟುವುದು ರಾಯ್‌ನ ರಸ್ತೆ ದಾಟಿದ್ದಕ್ಕಿಂತ ದೂರವೆನಿಸಿತು. ಅವರು ನಿಧಾನವಾಗಿ ಓದಿದರು. "ನಾವು ಅಂದು ಚಪ್ಪಾಳೆ ತಟ್ಟಿದೆವಲ್ಲ," ಎಂದು ಕೊನೆಗೆ ಹೇಳಿದರು. ಚಪ್ಪಾಳೆಯನ್ನು ಎಲ್ಲರೂ ತಟ್ಟಿದ್ದರು.

ಆಮೇಲೆ ಅವರು ವಿಕ್ಟರ್ ಕಡೆ ತಿರುಗಿದರು. "ಇಪ್ಪತ್ತೆರಡು ವರ್ಷ ಏನೂ ಸುಟ್ಟಿರಲಿಲ್ಲ. ಈಗ ನೀವು ಹೇಳಿ, ಹೇಗೆ ಇಡಬೇಕು?"

ವಿಕ್ಟರ್ ಎದ್ದು ನಿಂತರು. ಮೊದಲು ಅರಬ್ಬಿಯಲ್ಲಿ ಹೇಳಿದರು, ಆಮೇಲೆ ಇಂಗ್ಲಿಷಿನಲ್ಲಿ. ಮೇಡಂ ಹೇಳಿದ್ದು ಸರಿಯೇ, ಒಂದು ಊರು ಒಂದು ಸಾಲು ಒಳ್ಳೆಯದೇ. ಪೌಡರು ಮಾತ್ರ ಅದರ ಶೆಡ್ಡಿನಲ್ಲಿರಲಿ, ಅದರ ಜಾಗದಲ್ಲಿ ಒಂದು ಬಣ್ಣದ ಕಾರ್ಡು ಇಡೋಣ. ಹಡಗಿನಲ್ಲೂ ಅದು ಬೇರೆಯೇ ಹೋಗಲಿ, ಆದರೆ ಅದೇ ಹಡಗಿನಲ್ಲಿ.

"ಮತ್ತೆ ಆರನೇ ಸಾಲಿನ ಪಂಪು?" ರೆಹೆಮಾ ಕೇಳಿದಳು. "ಎರಡೂ ಹೋಗದಿದ್ದರೆ ನನಗೆ ಒಂದೂ ಬೇಡ. ಇದು ಸಿಟ್ಟಲ್ಲ. ಒಂದನ್ನೇ ಕೊಂಡುಹೋದರೆ, ಮತ್ತೆ ಯಾರನ್ನೋ ಹೂಳಲೆಂದೇ ಕೊಂಡುಹೋದ ಹಾಗೆ."

"ಪಂಪಿನ ಮೈ ಗಟ್ಟಿ ಉಂಟು," ಎಂದರು ವಿಕ್ಟರ್. "ಪೈಪು, ವಯರು, ಬಣ್ಣ ಹೋದದ್ದು. ರಾಯ್‌ನಲ್ಲಿ ರಿಪೇರಿ ಆಗದ್ದು ಎಂತ ಉಂಟು?"

ಪೌಡರಿನವರು ಸುಟ್ಟುಹೋದ ಪೈಪುಗಳ ಬದಲು ತಮ್ಮಲ್ಲಿ ಮಿಕ್ಕಿದ್ದನ್ನು ಕೊಡುವುದಾಗಿ ಹೇಳಿದರು. ಪಂಪಿನವರು ಒಂದು ವಾರ ಕಾಯಲು ಒಪ್ಪಿದರು. ಅಬು ಸಾಲೆಮ್ ಈ ಸಲ ಖಲಾಸ್ ಎನ್ನಲಿಲ್ಲ. "ಯಲ್ಲಾ," ಎಂದರು. ನಡೆಯಿರಿ ಎಂದು.

ಅಂದು ಸಂಜೆ ಮೈಸೂರಿನ ಕಚೇರಿಯಿಂದ ನನಗೆ ಫೋನು ಬಂತು. ಮುಂದಿನ ಸಭೆಗಳಿಗೆ ಬೇರೆಯವರನ್ನು ಕಳುಹಿಸುತ್ತಾರಂತೆ. ಅದು ಸರಿಯಾದ ತೀರ್ಮಾನವೇ. ಬೇಸರವಾಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಶುಐಬಾ ಬಂದರಿನ ದಿನ

ಟಿಕೆಟು ಮುಂದೂಡಿ ಇನ್ನೊಂದು ವಾರ ಉಳಿದೆ. ರಾಯ್‌ನ ಹಿಂದಿನ ರಸ್ತೆಯ ಮೆಕ್ಯಾನಿಕ್ ಒಬ್ಬ, ಎಲ್ಲರೂ ಅವನನ್ನು ಭಾಯಿ ಎಂದೇ ಕರೆಯುವವನು, ನಾಲ್ಕು ದಿನದಲ್ಲಿ ಸುಟ್ಟ ಪಂಪಿಗೆ ಜೀವ ಕೊಟ್ಟ. ಓಡಿಸಿ ತೋರಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ರೆಹೆಮಾ ತಟ್ಟಲಿಲ್ಲ. ಎರಡು ಪಂಪುಗಳನ್ನೂ ಅಕ್ಕಪಕ್ಕ ಇಡಿಸಿ ನೋಡಿದಳು. ಒಂದರ ಬಣ್ಣ ಹೊಳೆಯುತ್ತಿತ್ತು, ಇನ್ನೊಂದು ಬೋಳಾಗಿತ್ತು.

"ಹೊಸದರ ಬಣ್ಣವನ್ನೂ ಕೆರೆಯಿರಿ," ಎಂದಳು.

ಭಾಯಿ ನನ್ನ ಮುಖ ನೋಡಿದ. "ನಯಾ ಹೈ ಮೇಡಂ! ಅಚ್ಛಾ ಭಲಾ ನಯಾ!" ಒಳ್ಳೆಯ ಹೊಸ ಪಂಪನ್ನು ಕೆಡಿಸುವುದು ಅವನ ಕಸುಬಿಗೇ ಅವಮಾನವಾಗಿತ್ತು. ವಿಕ್ಟರ್ ಪಕ್ಕಕ್ಕೆ ಕರೆದು ಹತ್ತು ನಿಮಿಷ ಏನೋ ಹೇಳಿದರು. ಭಾಯಿ ಹಿಂತಿರುಗಿದಾಗ ಅವನ ಕೈಯಲ್ಲಿ ಎರಡು ಕೆರೆಯುವ ಉಳಿಗಳಿದ್ದವು. ಒಂದನ್ನು ರೆಹೆಮಾಳಿಗೆ ಕೊಟ್ಟ. ನನಗೂ ತನ್ನಿ ಎಂದೆ. ಮಧ್ಯಾಹ್ನವೆಲ್ಲ ಮೂವರೂ ಸೇರಿ ಹೊಚ್ಚ ಹೊಸ ಪಂಪಿನ ಬಣ್ಣ ಕೆರೆದೆವು. ನನ್ನ ಜೀವನದಲ್ಲಿ ಅಷ್ಟು ತೃಪ್ತಿಯಿಂದ ಏನನ್ನೂ ಹಾಳುಮಾಡಿಲ್ಲ. ಆಮೇಲೆ ಭಾಯಿ ಎರಡಕ್ಕೂ ಒಂದೇ ಡಬ್ಬದ ಹಸಿರು ಬಳಿದ. ಒಣಗಿದ ಮೇಲೆ ಯಾವುದು ಯಾವುದೆಂದು ಅವನಿಗೂ ಗೊತ್ತಾಗಲಿಲ್ಲ. ನೀಲಿ, ಹಳದಿ ಚೀಟಿಗಳನ್ನು ರೆಹೆಮಾ ಕಣ್ಣು ಮುಚ್ಚಿ ಅಂಟಿಸಿದಳು.

ಹಡಗಿಗೆ ಸಾಮಾನು ಹೋಗುವ ದಿನ ಶುಐಬಾ ಬಂದರಿಗೆ ಹೋದೆವು. ಗಾಳಿಯಲ್ಲಿ ಕಾರ್ಖಾನೆಗಳ ವಾಸನೆ ಬಂದಾಗಲೆಲ್ಲ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ವಿಕ್ಟರ್ ಗೇಟಿನಲ್ಲಿ ನಿಂತು ಕ್ರೇನಿನವನಿಗೆ ಕೂಗುತ್ತಿದ್ದರು: "ಪೌಡರ್ ಅಲಗ್! ಸುನಾ? ಪೌಡರ್ ಅಲಗ್!" ಪೌಡರು ಬೇರೆ ಇಡು ಎಂದು. ಅವನು ಸಿಡುಕಿ, ಒಂದು ಸಲ ಹೇಳಿದರೆ ಸಾಕು ಎಂದನಂತೆ.

"ಇಲ್ಲ, ಇನ್ನು ಎರಡೆರಡು ಸಲ ಹೇಳುವುದೇ," ಎಂದು ವಿಕ್ಟರ್ ನನ್ನ ಕಡೆ ನೋಡಿ ಕೆಮ್ಮಿದರು. "ನಾನು ಈಗ ಮೈಸೂರಿನವರ ಹಾಗೆ."

ರೆಹೆಮಾ ಗುಲಾಬಿ ಚಪ್ಪಲಿಯಲ್ಲೇ ವಿಮಾನ ಹತ್ತಿದಳು. ಜೂಲಿಯೆಟ್ ಎಷ್ಟು ಹೇಳಿದರೂ ಹೊಸದು ಕೊಳ್ಳಲಿಲ್ಲ.

ಮೈಸೂರು

ಮನೆಗೆ ಬಂದೆ. ಅಮ್ಮನಿಗೆ ಖರ್ಜೂರ ಕೊಟ್ಟೆ. ಎಲ್ಲರೂ ಕುವೈತು ಹೇಗಿದೆ ಎಂದು ಕೇಳಿದರು. ಬಿಸಿಲು, ಕಾಫಿ, ಒಳ್ಳೆಯ ಜನ ಎಂದೆ. ನಿದ್ದೆಯ ವಿಷಯ ಯಾರಿಗೂ ಹೇಳಲಿಲ್ಲ. ಮಲಗಿ ಸ್ವಲ್ಪ ಹೊತ್ತಿಗೆ "ಯಾವ ಸಾಲು?" ಎಂದು ಯಾರೋ ಕೇಳುತ್ತಿದ್ದರು. ಉತ್ತರ ಗೊತ್ತಿರುತ್ತಿತ್ತು. ಎದ್ದು ಕೂತು ಬೆರಳು ನೋಡಿಕೊಳ್ಳುತ್ತಿದ್ದೆ. ಹಾಗೇ ಬೆಳಗಿನ ಐದಾಗುತ್ತಿತ್ತು. ನಮ್ಮ ಬೀದಿಗೆ ನೀರು ಬರುವುದು ಐದಕ್ಕೆ, ದಿನ ಬಿಟ್ಟು ದಿನ. ಆ ತಿಂಗಳು ನಮ್ಮ ಮನೆಯ ಒಂದು ಕೊಡವೂ ಖಾಲಿಯಿರಲಿಲ್ಲ. "ಕುವೈತಿಗೆ ಹೋಗಿ ಬಂದ್ಮೇಲೆ ಎಷ್ಟು ಶಿಸ್ತು ಬಂದಿದೆ ನಿಂಗೆ!" ಎಂದು ಅಮ್ಮ ಮೆಚ್ಚಿದಳು.

ವಿಕ್ಟರ್ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮೆಟ್ಟಿಲು ಹತ್ತುವಾಗ ನಿಂತು ಹತ್ತುತ್ತಾರಂತೆ. ಗೋಡೌನಿನಲ್ಲಿ ಅವರದೇ ಕೆಲಸ, ಅವರದೇ ಬೀಗದಕೈ. ಹಿಂಬಾಗಿಲಿಗೆ ಈಗಲೂ ಬೀಗವಿಲ್ಲ.

ಒಂದು ಬುಧವಾರ ಸಂಜೆ ರೆಹೆಮಾಳಿಂದ ಎರಡು ಧ್ವನಿ ಸಂದೇಶಗಳು ಬಂದವು. ಮೊದಲನೆಯದನ್ನು ಒತ್ತಿದೆ. ಎಂಜಿನ್ ಗುಡುಗುಡು ಎಂದಿತು, ಒಮ್ಮೆ ಕೆಮ್ಮಿತು, ಆಮೇಲೆ ನೀರು ತಗಡಿನ ಮೇಲೆ ಬೀಳುವ ಸದ್ದು. ಹೆಂಗಸರು, ಮಕ್ಕಳು ಕಿರುಚುವ ಸದ್ದು. ಎರಡನೆಯದರಲ್ಲೂ ಅದೇ. ಎಂಜಿನ್, ನೀರು, ಕಿರುಚಾಟ.

ಕೂಡಲೇ ಫೋನು ಮಾಡಿದೆ. "ಮೊದಲು ಬಂದದ್ದು ಯಾವ ಊರಿನದು?"

ಅವಳು ಬಹಳ ಹೊತ್ತು ನಕ್ಕಳು.

"ಅದನ್ನು ಮಾತ್ರ ಹೇಳುವುದಿಲ್ಲ, ದಾದಾ," ಎಂದಳು.

ಅಂದು ಊಟ ಮಾಡಿ ಮಲಗಿದೆ. ಎಚ್ಚರವಾದಾಗ ಕಾಲಿನ ಮೇಲೆ ಬಿಸಿಲು ಬಿದ್ದಿತ್ತು. ಅಮ್ಮ ಬಾಗಿಲಲ್ಲಿ ನಿಂತು, ಖಾಲಿ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಮೊಣಕಾಲು ಉಜ್ಜಿಕೊಳ್ಳುತ್ತ ಬೈಯುತ್ತಿದ್ದಳು. "ಗಂಟೆ ಎಂಟಾಯ್ತು. ನೀನು ಎದ್ದಿರ್ತೀಯ ಅಂತ ನಾನೂ ಮಲಗ್ಬಿಟ್ಟೆ. ನೀರು ಬಂದು ನಿಂತೂ ಹೋಯ್ತಲ್ಲೇ! ಒಂದು ತೊಟ್ಟೂ ಹಿಡಿದಿಲ್ಲ ನೀನು!"

ಗುರುವಾರ. ಇನ್ನು ನೀರು ಬರುವುದು ಶನಿವಾರ. ಪಕ್ಕದ ಮನೆಯವರ ಹತ್ತಿರ ಎರಡು ಕೊಡ ನೀರು ಕೇಳಿ ತಂದೆ.